ಸೆಕೆಂಡ್ ಹ್ಯಾಂಡ್ ದಾನಶೂರ

ರಾಜ್ಯೋತ್ಸವ ಪ್ರಶಸ್ತಿಗೆ ಒಂದು ಹೊಸ ವಿಭಾಗ ಸೇರಿಸಬೇಕೆಂದು ಸರ್ಕಾರವನ್ನು ಈ ಮೂಲಕ ಒತ್ತಾಯಿಸುತ್ತೇನೆ. ಸಾಹಿತ್ಯ, ಸಂಗೀತ, ಕೃಷಿ, ಸಮಾಜಸೇವೆ ಎಲ್ಲಕ್ಕೂ ಜಾಗವಿದೆ. ಹಳೇ ಸ್ಪೋರ್ಟ್ಸ್ ಕಾರು ಸಾಕುವವರಿಗೆ ಮಾತ್ರ ಇಲ್ಲ. ತಾನು ದುಡಿದದ್ದನ್ನು ಇಷ್ಟು ಜನರಿಗೆ, ಇಷ್ಟು ಬೇಗ, ರಸೀದಿಯನ್ನೂ ಕೇಳದೆ ಹಂಚುವ ಇನ್ನೊಬ್ಬ ಮನುಷ್ಯ ಬೆಂಗಳೂರಿನಲ್ಲಿದ್ದರೆ ತೋರಿಸಿ. ಪಂಪನ ಕಾಲದಿಂದಲೂ ಕನ್ನಡಿಗರಿಗೆ ಕರ್ಣನ ಮೇಲೆ ಮಮತೆ ಒಂದು ಪಾಲು ಹೆಚ್ಚು. ಕಲಿಯುಗದಲ್ಲಿ ಅವನು ಎಲ್ಲಿ ಹುಟ್ಟಿದ್ದಾನೆಂದು ಹುಡುಕುವವರು ಅನಾಥಾಲಯಗಳ ದೇಣಿಗೆ ಪಟ್ಟಿ ತಿರುವಬೇಕಿಲ್ಲ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದರೆ ಸಾಕು, ಮನೆ ವಿಳಾಸವನ್ನೇ ಕೊಡುತ್ತಾರೆ.

ಎಲ್ಲ ದಾನವೂ ಒಂದು ಜಾಹೀರಾತಿನಿಂದ ಶುರುವಾಗುತ್ತದೆ. ‘ಸಿಂಗಲ್ ಓನರ್, ಡಾಕ್ಟರ್ ಓಡಿಸಿದ್ದು, ಫಾರಿನ್‌ಗೆ ಹೋಗ್ತಿರೋದ್ರಿಂದ ಅರ್ಜೆಂಟ್ ಸೇಲ್.’ ಈ ಊರಿನಲ್ಲಿ ಮಾರಾಟಕ್ಕೆ ಬರುವ ಹಳೇ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ಇಷ್ಟು ದಿನ ರೋಗಿಗಳನ್ನು ನೋಡಿದವರು ಯಾರು ಎಂಬ ಪ್ರಶ್ನೆ ಓದುವವನಿಗೆ ಬರುವುದಿಲ್ಲ. ಅವನ ಕಣ್ಣು ಆಗಲೇ ಲೆಕ್ಕಕ್ಕೆ ಹೋಗಿರುತ್ತದೆ. ಹೊಸದರಲ್ಲಿ ಒಂದು ಕೋಟಿ ಇದ್ದ ಗಾಡಿ ಈಗ 25 ಲಕ್ಷಕ್ಕೆ ಸಿಗುತ್ತಿದೆ ಎಂದಿಟ್ಟುಕೊಳ್ಳಿ. ಅಂದರೆ 75 ಲಕ್ಷ ಉಳಿತಾಯ! ಆ 75 ಲಕ್ಷ ಅವನ ಹತ್ತಿರ ಯಾವತ್ತೂ ಇರಲಿಲ್ಲ. ಆದರೆ ಇಲ್ಲದ ದುಡ್ಡನ್ನು ಉಳಿಸಿದ ಹಿಗ್ಗು ಇರುವ ದುಡ್ಡನ್ನು ಉಳಿಸಿದವನಿಗೆ ಎಲ್ಲಿಂದ ಬರಬೇಕು? ಬೆಳಿಗ್ಗೆ ಸೊಪ್ಪಿನವಳ ಹತ್ತಿರ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡಿದವನೇ ಸಂಜೆ ಅಡ್ವಾನ್ಸ್ ಕೊಟ್ಟು ಬರುತ್ತಾನೆ. ಎರಡೂ ಕಡೆ ಗೆದ್ದೆನೆಂದೇ ಅವನ ನಂಬಿಕೆ.

ಹೊರಗೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಅವನಿಗೂ ಗೊತ್ತು. ಆದರೆ ಅದು ಜನರ ಬಗ್ಗೆ ಹೇಳಿದ್ದು, ಕಾರಿನ ಬಗ್ಗೆ ಅಲ್ಲ ಅಂದುಕೊಂಡಿದ್ದಾನೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಯಮಲೂರು ಕಡೆಯ ವಿಲ್ಲಾಗಳ ಮುಂದೆ ಐಷಾರಾಮಿ ಕಾರುಗಳು ಮುಳುಗಿ ನಿಂತಿದ್ದವು, ಅವುಗಳ ಒಡೆಯರು ಟ್ರಾಕ್ಟರ್ ಹತ್ತಿ ಹೊರಬಂದಿದ್ದರು. ಇಡೀ ದೇಶವೇ ಟಿ.ವಿ.ಯಲ್ಲಿ ನೋಡಿತು. ಅವುಗಳಲ್ಲಿ ಕೆಲವಾದರೂ ಒಣಗಿ, ಪಾಲಿಶ್ ಹೊಡೆಸಿಕೊಂಡು ಮಾರುಕಟ್ಟೆಗೆ ಬಂದಿರಬಹುದಲ್ಲವೇ ಎಂಬ ಅನುಮಾನ ಊರಿಗೆಲ್ಲ ಬರುತ್ತದೆ. ಕೊಳ್ಳುವವನಿಗೆ ಮಾತ್ರ ಬರುವುದಿಲ್ಲ. ಸೀಟಿನಲ್ಲಿ ಕೂತು, ಕೀಲಿ ತಿರುಗಿಸಿ, ‘ಸೌಂಡು ನೋಡು ಗುರೂ’ ಎನ್ನುತ್ತಾನೆ. ಸೌಂಡನ್ನು ನೋಡುವ ಗಳಿಗೆ ಬಂದ ಮೇಲೆ ಕಣ್ಣಿಗೂ ಕಿವಿಗೂ ಬೇರೆ ಕೆಲಸ ಉಳಿದಿರುವುದಿಲ್ಲ.

ಅವನಿಗೆ ತಿಳಿಯದ ಒಂದೇ ಸತ್ಯ ಇದು: ಕಾರಿನ ಬೆಲೆ ವರ್ಷವರ್ಷ ಇಳಿಯುತ್ತದೆ, ಬಿಡಿಭಾಗದ ಬೆಲೆಗೆ ಆ ಸುದ್ದಿ ಮುಟ್ಟಿರುವುದೇ ಇಲ್ಲ. 25 ಲಕ್ಷಕ್ಕೆ ಕೊಂಡ ಕಾರಿನ ಹೆಡ್‌ಲೈಟು ಒಡೆದರೆ ಬರುವುದು ಕೋಟಿ ಬೆಲೆಯ ಕಾರಿನ ಹೆಡ್‌ಲೈಟು. ಗ್ಯಾರೇಜಿನವನು ‘ನೀವು ಕಾಲು ಬೆಲೆಗೆ ತಗೊಂಡಿದ್ದೀರಲ್ಲ, ಕ್ಲಚ್ಚಿಗೂ ಕಾಲು ಬೆಲೆ ಹಾಕ್ತೀನಿ’ ಎಂದದ್ದನ್ನು ಕೇಳಿದವರಿಲ್ಲ. ಮೊದಲ ಯಜಮಾನ ಕಾರು ಕೊಂಡಿದ್ದ. ಎರಡನೆಯವನು ಆ ಕಾರಿನ ಖರ್ಚನ್ನು ಕೊಳ್ಳುತ್ತಾನೆ, ಕಾರು ಅದರ ಜತೆಗೆ ಬರುತ್ತದೆ.

ಮೊದಲ ದಾನ ಸರ್ಕಾರಕ್ಕೆ. 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ 18, ಮೇಲೆ ಸೆಸ್ ಬೇರೆ. ಇದನ್ನು ತಪ್ಪಿಸಲು ಬ್ರೋಕರ್ ಕಿವಿಯಲ್ಲಿ ಪುದುಚೇರಿ ಮಂತ್ರ ಊದುತ್ತಾನೆ: ‘ಪಿವೈ ನಂಬರ್ ಇದೆ ಸಾರ್, ಹಾಗೇ ಓಡಿಸ್ಕೊಳಿ, ಯಾರೂ ಕೇಳಲ್ಲ.’ ಹೊರರಾಜ್ಯದ ಗಾಡಿ 12 ತಿಂಗಳು ಮೀರಿ ಇಲ್ಲಿದ್ದರೆ ಇಲ್ಲಿನ ನಂಬರ್ ಹಾಕಿಸಬೇಕೆಂದು ಕಾನೂನಿದೆ. ಕಡುಹಳದಿ ಬಣ್ಣದ, ಒಂದು ಫರ್ಲಾಂಗ್ ದೂರಕ್ಕೆ ಗುಡುಗುವ ಗಾಡಿಯಲ್ಲಿ ಕೂತು ಯಾರ ಕಣ್ಣಿಗೂ ಬೀಳದೆ ತೆರಿಗೆ ತಪ್ಪಿಸುತ್ತೇನೆ ಎಂದುಕೊಳ್ಳುವುದಕ್ಕೆ ಎಂಥ ಮುಗ್ಧತೆ ಬೇಕು! 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಇಂಥ 30 ಕಾರುಗಳನ್ನು ಹಿಡಿದು ಸಾಲಾಗಿ ನಿಲ್ಲಿಸಿತು. ಅದೇ ವರ್ಷ ಜುಲೈಯಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ ವಸೂಲಾದದ್ದು 1.42 ಕೋಟಿ. ಅಷ್ಟು ಸದ್ದಿನ ಗಾಡಿ ಕೊನೆಗೆ ಕಟ್ಟಿದ್ದು ಸದ್ದಿಲ್ಲದೆ.

ಕಾರಿಗೆ 15 ವರ್ಷ ತುಂಬಿತೋ, ಮತ್ತೊಂದು ದಕ್ಷಿಣೆ. ನಮ್ಮ ನಿಮ್ಮ ಕಾರಿನ ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಆಮದು ಕಾರಿಗೆ 40,000. 20 ವರ್ಷ ದಾಟಿದರೆ ಅದು 80,000. ಮನುಷ್ಯರಿಗೆ ಅರವತ್ತಕ್ಕೆ ಶಾಂತಿ ಮಾಡಿಸುತ್ತೇವೆ, ಈ ಗಾಡಿಗೆ ಹದಿನೈದಕ್ಕೇ ಶುರು.

ಎರಡನೆಯ ದಾನ ಗ್ಯಾರೇಜಿಗೆ. ಕರ್ಣನ ಸಾರಥಿ ಶಲ್ಯ. ಯುದ್ಧದ ಮಧ್ಯೆ ತೇರು ಹೊಡೆಯುತ್ತಲೇ ಒಡೆಯನ ಎದೆಗುಂದಿಸುವ ಮಾತಾಡುತ್ತಿದ್ದ. ನಮ್ಮ ದಾನಶೂರನ ಶಲ್ಯ ನೀಲಿ ಬಟ್ಟೆ ತೊಟ್ಟು, ಗ್ರೀಸ್ ಕೈ ಒರೆಸುತ್ತಾ ಬರುತ್ತಾನೆ.

‘ಸಾರ್, ಗಾಡಿ ತಗೊಳೋಕೆ ಮುಂಚೆ ಒಂದ್ಸಲ ತೋರಿಸಬಾರ್ದಿತ್ತಾ?’

‘ಏನಿಲ್ಲ ಬಾಸ್, ಸ್ವಲ್ಪ ಟಿಕ್ ಟಿಕ್ ಅಂತಿದೆ ಅಷ್ಟೇ.’

‘ಟಿಕ್ ಟಿಕ್ ಅಂತಿರೋದು ಎಂಜಿನ್ ಅಲ್ಲ ಸಾರ್, ನಿಮ್ ಟೈಮು.’

ಉದಾಹರಣೆಗೆ ಹಳೇ ಪೋರ್ಷೆ ಬಾಕ್ಸ್‌ಟರನ್ನೇ ತಗೊಳ್ಳಿ. 1996ರಲ್ಲಿ ಬಂದ ಮಾದರಿ; ಇಂದಿಗೂ ‘ಕಮ್ಮಿ ಬೆಲೆಗೆ ಪೋರ್ಷೆ’ ಎಂದು ಜನರನ್ನು ಕೆಡವುವ ಮೋಹಿನಿ. ಮುಂದಿನ ಬಾನೆಟ್ ಎತ್ತಿದರೆ ಡಿಕ್ಕಿ, ಹಿಂದೆ ಎತ್ತಿದರೆ ಇನ್ನೊಂದು ಡಿಕ್ಕಿ; ಎಂಜಿನ್ ಸೀಟಿನ ಬೆನ್ನಿಗೆ, ಯಾರಿಗೂ ಕಾಣದ ಹಾಗೆ ಅಡಗಿ ಕೂತಿದೆ. ಆಯಿಲ್ ಸುರಿಯಲು ಒಂದು ಬಾಯಿ, ನೀರು ಸುರಿಯಲು ಒಂದು ಬಾಯಿ ಮಾತ್ರ ಹೊರಗೆ. ತಿನ್ನುವ ಬಾಯಿ ಮಾತ್ರ ಕಾಣುವಂಥ ಈ ವಿನ್ಯಾಸಕ್ಕೆ ನಮ್ಮ ಎಷ್ಟೋ ಇಲಾಖೆಗಳು ತಲೆದೂಗಬೇಕು. ಆ ಎಂಜಿನ್ನಿನ ಹೊಟ್ಟೆಯಲ್ಲಿ ಇಂಟರ್‌ಮೀಡಿಯೇಟ್ ಶಾಫ್ಟ್ ಎಂಬುದಿದೆ. ಅದರ ತುದಿಗೆ ಒಂದು ಪುಟ್ಟ ಬೇರಿಂಗು. ಅದು ಸವೆದು ಪುಡಿಯಾದರೆ ಟೈಮಿಂಗ್ ತಪ್ಪಿ, ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿದು, ಇಡೀ ಎಂಜಿನ್ ಗುಜರಿ. ಅಮೆರಿಕದ ಮಾಲೀಕರು ಇದಕ್ಕಾಗಿ ಕೋರ್ಟಿಗೆ ಹೋದರು. 2001ರಿಂದ 2005ರ ಮಾದರಿಗಳಿಗೆ ಸಂಬಂಧಿಸಿ 2013ರಲ್ಲಿ ರಾಜಿಯೂ ಆಯಿತು. ಆ ಬೇರಿಂಗು ಬದಲಿಸಬೇಕೆಂದರೆ ಗೇರ್‌ಬಾಕ್ಸೇ ಕೆಳಗಿಳಿಯಬೇಕು. ಗೇರ್‌ಬಾಕ್ಸ್ ಇಳಿದ ಮೇಲೆ ‘ಹೆಂಗೂ ಬಿಚ್ಚಿದ್ದೀವಿ ಸಾರ್, ಕ್ಲಚ್ಚೂ ಹಾಕಿಬಿಡೋಣ’ ಎಂಬ ಮಾತು ಬಂದೇ ಬರುತ್ತದೆ. ‘ಹೆಂಗೂ ಬಿಚ್ಚಿದ್ದೀವಿ’ ಎಂಬ ಎರಡೇ ಪದಗಳ ಮೇಲೆ ಬೆಂಗಳೂರಿನ ಎಷ್ಟು ಮೆಕ್ಯಾನಿಕ್‌ಗಳ ಮಕ್ಕಳು ಎಂಜಿನಿಯರಿಂಗ್ ಓದುತ್ತಿದ್ದಾರೋ, ಆ ಪುಣ್ಯವೂ ನಮ್ಮ ದಾನಿಯದೇ.

ಇಷ್ಟೆಲ್ಲ ಸುರಿದು ಸಿದ್ಧವಾದ ರಥ ಓಡುವುದು ಎಲ್ಲಿ? ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಂತೆ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು. ಇನ್ನು ಈ ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಓದಿ: ಕಾರಿನ ಟೈರಿನ ಮೇಲೆ ‘ವೈ’ ಅಕ್ಷರವಿದ್ದರೆ ಅದರ ಯೋಗ್ಯತೆ ಗಂಟೆಗೆ 300 ಕಿ.ಮೀ.; ಮೈಸೂರು ಹೆದ್ದಾರಿಯಲ್ಲಿ 130 ದಾಟಿದರೆ ಎಫ್‌ಐಆರ್; ಅಲ್ಲಿ ಹಾಕಿದ ಮಿತಿ 100; ಊರೊಳಗೆ ನಿಜವಾಗಿ ಸಿಗುವ ವೇಗ ಸುಮಾರು 17.5. ಮುನ್ನೂರಕ್ಕೆ ದುಡ್ಡು ಕೊಟ್ಟು ಹದಿನೇಳೂವರೆಯಲ್ಲಿ ಸಾಗುವುದಕ್ಕೆ ವೈರಾಗ್ಯ ಎನ್ನದೆ ಬೇರೇನು ಹೇಳಬೇಕು? ಓಡಿಸದಿದ್ದರೆ ಟೈರಾದರೂ ಉಳಿಯಿತಲ್ಲ ಎಂದರೆ ಅದೂ ಇಲ್ಲ. ಬಟನ್ ಸವೆಯದಿದ್ದರೂ ರಬ್ಬರು ವಯಸ್ಸಿಗೇ ಗಟ್ಟಿಯಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಅದು ಹುಟ್ಟಿದ ವಾರ ಮತ್ತು ವರ್ಷ. ಜಾತಕ ತೋರಿಸಿ ಮದುವೆಯಾದವನು ಇದೊಂದು ಜಾತಕ ಓದಲು ಮಾತ್ರ ಮರೆತಿರುತ್ತಾನೆ.

ಮತ್ತೆ ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ದುಂಡಗೆ ಇರಬೇಕು. ನಮ್ಮ ಬಡಾವಣೆಗಳ ಹಂಪ್‌ಗಳು ಆ ಪುಸ್ತಕ ಓದಿಲ್ಲ. ಉಳಿದ ಡಾಂಬರಿನಲ್ಲಿ ರಾತ್ರೋರಾತ್ರಿ ಉದ್ಭವಿಸುತ್ತವೆ. ಸ್ಪೋರ್ಟ್ಸ್ ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರವೇ ಅಷ್ಟಷ್ಟಕ್ಕೆ. ಆದ್ದರಿಂದ ದಾನಶೂರ ಹಂಪ್ ಕಂಡೊಡನೆ ಗಾಡಿಯನ್ನು ಓರೆ ಮಾಡಿ, ಒಂದೊಂದೇ ಚಕ್ರ ದಾಟಿಸುತ್ತಾನೆ. ಹಿಂದಿನಿಂದ ಹಾರ್ನ್ ಹೊಡೆಯುವ ಆಟೋದವನು ಕೊನೆಗೆ ಪಕ್ಕಕ್ಕೆ ಬಂದು, ‘ಕೆಟ್ಟೋಗಿದ್ಯಾ ಸಾರ್, ತಳ್ಳಬೇಕಾ?’ ಎಂದು ಕೇಳುತ್ತಾನೆ. ಬಾಗಿಲಿಲ್ಲದೆ ಗಾಳಿಗೊಡ್ಡಿಕೊಂಡು ಹೋಗುವ ಸುಖವನ್ನು ಮೂರು ಚಕ್ರದಲ್ಲೇ ಅನುಭವಿಸುತ್ತಿರುವವನ ಕರುಣೆ ಅದು. ಕರ್ಣನ ರಥಚಕ್ರ ಹೂತದ್ದು ಕುರುಕ್ಷೇತ್ರದಲ್ಲಿ, ಅದೂ ಶಾಪದಿಂದ. ಇವನದು ಹೂಳುವುದಕ್ಕೆ ವರ್ತೂರು ರಸ್ತೆ ಸಾಕು, ಶಾಪದ ಅಗತ್ಯವೂ ಇಲ್ಲ.

ಕವಚವೂ ಇದೆ. ಪೇಂಟಿಗೆ ಗೀರು ಬೀಳದಿರಲೆಂದು ಮೈತುಂಬ ಅಂಟಿಸುವ ಪಾರದರ್ಶಕ ಫಿಲ್ಮು. ಸಣ್ಣ ಕಾರಿಗೆ ಕೊಡುವ ಮುಂಗಡದಷ್ಟು ಹಣ ಅದಕ್ಕೆ. ಇನ್ಶೂರೆನ್ಸ್ ಎಂಬ ಕುಂಡಲವೂ ಇದೆ. ಆದರೆ ಐದು ವರ್ಷ ದಾಟಿದ ಗಾಡಿಗೆ, ಸವಕಳಿ ಕಳೆಯದೆ ಬಿಡಿಭಾಗದ ದುಡ್ಡು ಕೊಡುವ ‘ಜೀರೋ ಡೆಪ್’ ಸಾಮಾನ್ಯವಾಗಿ ಸಿಗುವುದಿಲ್ಲ. ಅಂಡರ್‌ಪಾಸಿನ ನೀರು ಎಂಜಿನ್ನಿಗೆ ನುಗ್ಗಿ ಕೆಟ್ಟರೆ, ‘ಎಂಜಿನ್ ಪ್ರೊಟೆಕ್ಟ್’ ಎಂಬ ವಿಮೆಯನ್ನು ಬೇರೆಯಾಗಿ ಕೊಂಡಿರದಿದ್ದರೆ ಪರಿಹಾರವೂ ಇಲ್ಲ. ಬೇಕಾದ ದಿನ ಕೆಲಸಕ್ಕೆ ಬರದ ಕವಚಕುಂಡಲ ಕರ್ಣನಿಗೂ ಇತ್ತು. ಅವನು ಇಂದ್ರನಿಗೆ ಕೊಟ್ಟು ಕಳಕೊಂಡ, ಇವನು ಕಂತು ಕಟ್ಟಿ ಕಳಕೊಳ್ಳುತ್ತಾನೆ.

ಮನೆಯಲ್ಲಿ ಏನಂತಾರೆ? ಗಾಡಿಗೆ ಎರಡೇ ಸೀಟು. ಮದುವೆ, ಮುಂಜಿ, ಆಸ್ಪತ್ರೆ, ಅಕ್ಕಿ ಮೂಟೆ, ಅತ್ತೆ ಎಲ್ಲಕ್ಕೂ ಹಳೇ ವ್ಯಾಗನ್ ಆರ್. ‘ರೀ, ಇಪ್ಪತ್ತೈದು ಲಕ್ಷದ್ದು ಶೆಡ್‌ನಲ್ಲಿ ಬಟ್ಟೆ ಹೊದ್ಕೊಂಡು ಮಲಗಿದೆ, ನಾಲ್ಕು ಲಕ್ಷದ್ದು ಬಿಸಿಲಲ್ಲಿ ದುಡೀತಿದೆ. ನಮ್ಮನೇಲಿ ಇದು ಹೊಸದೇನಲ್ಲ ಬಿಡಿ’ ಎಂದು ಹೆಂಡತಿ ಅಡುಗೆಮನೆಯಿಂದ ಹೇಳುವುದು ಕೇಳಿಸುತ್ತದೆ. ಕೊನೆಯ ಮಾತು ಯಾರ ಬಗ್ಗೆ ಎಂದು ದಾನಶೂರ ವಿಚಾರಿಸುವುದಿಲ್ಲ. ಆಯುಧಪೂಜೆಯ ದಿನ ಮಾತ್ರ ಗಾಡಿಗೆ ಮರ್ಯಾದೆ. ಬಾಳೆಕಂದು ಕಟ್ಟಲು ಮುಂದುಗಡೆ ಒಂದು ಕಂಬಿಯೂ ಇಲ್ಲ. ಬೂದುಗುಂಬಳದ ಚೂರು ಪೇಂಟಿಗೆ ಸಿಡಿದೀತೆಂದು ಅದನ್ನು ಎದುರು ಮನೆಯ ಗೇಟಿನ ಹತ್ತಿರ ಒಡೆಯುತ್ತಾರೆ. ನಿಂಬೆಹಣ್ಣಿನ ಮೇಲೆ ಹತ್ತಿಸುವ ಹೊತ್ತಿಗೆ ಸರಿಯಾಗಿ, ದಿನಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಡೌನ್. ದೇವರ ಮುಂದೆ ನಾಲ್ಕು ಜನ ತಳ್ಳಿ ನಿಂಬೆಹಣ್ಣು ಅಪ್ಪಚ್ಚಿ ಮಾಡುತ್ತಾರೆ. ತಳ್ಳಿದವರಿಗೆ ಕೋಸಂಬರಿ.

ಭಾನುವಾರ ನಸುಕಿನಲ್ಲಿ ಮಾತ್ರ ರಸ್ತೆ ಅವನದು. ಲೀಟರಿಗೆ ಮಾಮೂಲಿಗಿಂತ ಐವತ್ತಕ್ಕೂ ಹೆಚ್ಚು ಕೊಟ್ಟು 100 ಆಕ್ಟೇನ್ ಪೆಟ್ರೋಲ್ ತುಂಬಿಸಿ, ತನ್ನಂಥವರ ಜತೆ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತಾನೆ. ಅಲ್ಲಿ ಬೆಣ್ಣೆಗೆ ಬೇರೆ ದುಡ್ಡು ಎಂದದ್ದಕ್ಕೆ ‘ಏನ್ರೀ ಹಗಲು ದರೋಡೆ’ ಎಂದು ಜಗಳ ತೆಗೆಯುವವನೂ ಅವನೇ.

ವಾರದ ದಿನ ಅವನ ಇನ್ನೊಂದು ಕಂಠ ಕೇಳಬೇಕು. ಹೊರ ವರ್ತುಲ ರಸ್ತೆಯಲ್ಲಿ ಫಸ್ಟ್ ಗೇರಿನಲ್ಲಿ ನರಳುತ್ತಾ, ಪಕ್ಕದಲ್ಲಿ ನಿಂತ ಬಿಎಂಟಿಸಿ ಬಸ್ಸಿನ ಹೆಂಗಸರನ್ನು ನೋಡಿ ಫೋನಿನಲ್ಲಿ ಹೇಳುತ್ತಾನೆ: ‘2023ರಿಂದ ಇವರಿಗೆಲ್ಲ ಬಿಟ್ಟಿ ಟಿಕೆಟ್ ಕೊಟ್ಟು ರಾಜ್ಯ ದಿವಾಳಿ ಮಾಡ್ತಿದ್ದಾರೆ. ಲೆಕ್ಕಾಚಾರ ಬೇಡ್ವಾ?’ ಲೆಕ್ಕಾಚಾರ! ಬಸ್ಸಿನಲ್ಲಿ ಶೂನ್ಯ ಟಿಕೆಟ್ ಹಿಡಿದು ಕೂತ ಹೆಂಗಸು ಕೆಲಸಕ್ಕೆ ಹೋಗಿ ಸಂಬಳ ತರುತ್ತಾಳೆ. ಇವನು ಸಂಬಳ ತಂದು ಬೇರಿಂಗಿಗೆ ಹಾಕುತ್ತಾನೆ. ಇಬ್ಬರಲ್ಲಿ ಲೆಕ್ಕ ಯಾರಿಗೆ ಬರುತ್ತದೆಂದು ಸಿಗ್ನಲ್ ಬಿಟ್ಟ ಕೂಡಲೇ ತಿಳಿಯುತ್ತದೆ: ಬಸ್ಸು ಮುಂದೆ, ಗಾಡಿ ಗುಂಡಿಯ ಸುತ್ತ ಪ್ರದಕ್ಷಿಣೆ.

ಇಷ್ಟಾದರೂ ಇವನನ್ನು ಕಳೆದುಕೊಳ್ಳಲು ಯಾರಿಗೂ ಇಷ್ಟವಿಲ್ಲ. ಸರ್ಕಾರ, ಗ್ಯಾರೇಜು, ಟೋಯಿಂಗ್ ಗಾಡಿ, ಬ್ರೋಕರ್, ಇಡ್ಲಿ ಹೋಟೆಲು ಎಲ್ಲ ಅವನ ಆಶ್ರಿತರೇ. ಒಂದು ದಿನ ಕೈ ಬರಿದಾಗಿ ಅವನೂ ಜಾಹೀರಾತು ಹಾಕುತ್ತಾನೆ. ಆಗ ಸರ್ಕಾರ ಒಂದು ನಿಯಮ ತರಲಿ: ಬೆಲೆಯ ಕೆಳಗೆ, ಕೊಂಡ ದಿನದಿಂದ ಕಟ್ಟಿದ ಎಲ್ಲ ಬಿಲ್ಲುಗಳ ಮೊತ್ತವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಸಿಗರೇಟು ಪ್ಯಾಕಿನ ಮೇಲೆ ಚಿತ್ರ ಹಾಕುತ್ತಾರಲ್ಲ, ಹಾಗೆ. ಇದರಿಂದ ವ್ಯಾಪಾರ ಬಿದ್ದುಹೋಗುತ್ತದೆಂದು ಬ್ರೋಕರುಗಳು ಹೆದರಬೇಕಿಲ್ಲ. ಆ ಮೊತ್ತವನ್ನು ಎರಡು ಸಲ ಓದಿ, ಕನಿಕರದಿಂದ ಲೊಚಗುಟ್ಟಿ, ಮುಂದಿನ ದಾನಶೂರ ಫೋನ್ ಎತ್ತಿಕೊಂಡು ಹೇಳುತ್ತಾನೆ: ‘ಪಾಪ, ಅವನಿಗೆ ಮೇಂಟೇನ್ ಮಾಡೋಕೆ ಬರ್ತಿರಲಿಲ್ಲ ಕಣಯ್ಯ. ಒಂದೆರಡು ಲಕ್ಷ ಇಳಿಸ್ತಾನಾ ಕೇಳು.’