ಆನೆ ಬಂತು, ಎಂಜಿನಿಯರ್ ಬರಲಿಲ್ಲ

ನಮ್ಮ ವೀರನಹೊಸಹಳ್ಳಿಯಲ್ಲಿ ಹೊತ್ತಿಗೆ ಸರಿಯಾಗಿ ನಡೆಯುವುದೆಂದರೆ ಗಜಪಯಣ ಒಂದೇ. 2024ರಲ್ಲಿ ಆಗಸ್ಟ್ 21 ಎಂದರು, ಆಗಸ್ಟ್ 21ಕ್ಕೇ ದಸರಾ ಆನೆಗಳು ಹೊರಟವು. ಲಗ್ನ ನೋಡಿ, ಪೂಜೆ ಮಾಡಿ, ಕಬ್ಬು ಬೆಲ್ಲ ತಿನ್ನಿಸುವ ಹೊತ್ತಿಗೆ ಅಭಿಮನ್ಯು ಸಿಂಗರಿಸಿಕೊಂಡು ನಿಂತಿದ್ದ. ಆ ವರ್ಷ ಮೈಸೂರಿನ ವೇಬ್ರಿಡ್ಜ್ ಹತ್ತಿದಾಗ ಅವನು ತೂಗಿದ್ದು 5,560 ಕೆ.ಜಿ. ಅಷ್ಟು ಮೈ ಹೊತ್ತವನಿಗೆ ಹೇಳಿದ ದಿನ ಬರುವುದು ಸಾಧ್ಯ. ಬೆನ್ನಿಗೊಂದು ಬ್ಯಾಗು, ಬೈಕಿಗೊಂದು ಏಣಿ ಕಟ್ಟಿಕೊಂಡ ಬ್ರಾಡ್‌ಬ್ಯಾಂಡ್ ಎಂಜಿನಿಯರಿಗೆ ಸಾಧ್ಯವಿಲ್ಲ.

ಮೋಡೆಮ್ಮಿನಲ್ಲಿ ಕೆಂಪು ದೀಪ ಹತ್ತಿತು. ದೂರು ಕೊಟ್ಟೆ. "ನಿಮ್ಮ ಎಂಜಿನಿಯರ್ ನಾಳೆ ಹತ್ತರಿಂದ ಎರಡರೊಳಗೆ ಬರುತ್ತಾರೆ" ಎಂದಿತು ಒಂದು ಸಿಹಿ ಕಂಠ. ಸಿ.ಎಲ್. ಹಾಕಿ ಜಗಲಿಯ ಮೇಲೆ ಕೂತೆ. ಎರಡೂಕಾಲಿಗೆ ಮೆಸೇಜು: "ಗ್ರಾಹಕರು ಮನೆಯಲ್ಲಿ ಇರಲಿಲ್ಲ. ದೂರು ಮುಕ್ತಾಯವಾಗಿದೆ." ಇಷ್ಟು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದವನು ನಾನು. ನನ್ನ ಮನೆ ಜಗಲಿಯಲ್ಲೇ ನನಗೆ ಗೈರುಹಾಜರಿ ಹಾಕಿದ್ದರು!

ಎರಡನೇ ಸಲ ಫೋನೇನೋ ಬಂತು. "ದಾರೀಲಿ ಆನೆ ಅವೆ ಸಾ, ಬರಕ್ಕಾಗಕಿಲ್ಲ." ಕಾಡಂಚಿನ ಊರಲ್ಲಿ ಈ ಮಾತಿಗೆ ಎದುರಾಡುವಂತಿಲ್ಲ. ಆದರೆ ಅವನ ಹಿಂದೆ ಯಾರೋ ಕಂಡಕ್ಟರು "ಪಿರಿಯಾಪಟ್ಣ, ಪಿರಿಯಾಪಟ್ಣ" ಎಂದು ಕೂಗುತ್ತಿದ್ದ. ಆನೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿತ್ತೆಂದು ಕಾಣುತ್ತದೆ. ಮೂರನೇ ಸಲ ಅವನು ಇನ್ನೂ ನೇರವಾದ: "ಒಂದು ಓಟಿಪಿ ಬಂದದೆ, ಹೇಳ್ಬುಡಿ ಸಾ, ನಾಳೆ ಬತ್ತೀನಿ." ಹೇಳಿದೆ. ದೂರು ಮುಕ್ತಾಯವಾಯಿತು.

ಪರಿಹಾರ ಕೇಳೋಣವೆಂದು ಹೊರಟೆ. ಬ್ರಿಟನ್ನಿನಲ್ಲಿ 2019ರ ಏಪ್ರಿಲ್ 1ರಿಂದ ಇದಕ್ಕೊಂದು ವ್ಯವಸ್ಥೆ ಇದೆ. ಅದನ್ನು ಒಪ್ಪಿದ ಕಂಪನಿಯ ಎಂಜಿನಿಯರ್ ಹೇಳಿದ ಹೊತ್ತಿಗೆ ಬಾರದಿದ್ದರೆ, ಆರಂಭದ ದರದಲ್ಲೇ 25 ಪೌಂಡು, ಗ್ರಾಹಕ ಕೇಳದೆಯೇ ಬಿಲ್ಲಿನಲ್ಲಿ ಜಮೆ. ನಮ್ಮ ದೂರಸಂಪರ್ಕ ನಿಯಂತ್ರಕ ಟ್ರಾಯ್ ಕೂಡ ಸುಮ್ಮನೆ ಕೂತಿರಲಿಲ್ಲ. ಅದರ 2006ರ ಬ್ರಾಡ್‌ಬ್ಯಾಂಡ್ ನಿಯಮದಲ್ಲೇ, ರಿಪೇರಿ ಮೂರು ಕೆಲಸದ ದಿನ ದಾಟಿದರೆ ಏಳು ದಿನದ ಬಾಡಿಗೆ ಮಾಫಿ, ಏಳು ದಾಟಿದರೆ ಹದಿನೈದು ದಿನದ್ದು, ಹದಿನೈದು ದಾಟಿದರೆ ಒಂದು ತಿಂಗಳದ್ದು ಎಂದಿತ್ತು. ತಿಂಗಳಿಗೆ ಆರುನೂರು ಕಟ್ಟುವವನಿಗೆ ಏಳು ದಿನಕ್ಕೆ ನೂರನಲವತ್ತು ರೂಪಾಯಿ. ಲೆಕ್ಕವೆಲ್ಲ ತಂತಿ ಸತ್ತ ದಿನಗಳದ್ದು, ಜಗಲಿಯಲ್ಲಿ ಕೂತವನದ್ದಲ್ಲ. ಅದೂ ದೂರು ಮೂರು ದಿನ ಬದುಕಿದ್ದರೆ ತಾನೆ? ನನ್ನ ಒಂದೊಂದು ದೂರೂ ಎರಡನೇ ದಿನಕ್ಕೇ ಸದ್ಗತಿ ಪಡೆದು, ಹೊಸ ನಂಬರಿನಲ್ಲಿ ಮರುಜನ್ಮ ಎತ್ತಿದೆ. ಕಂಪನಿಯ ಪುಸ್ತಕದಲ್ಲಿ ನನ್ನಷ್ಟು ಬೇಗ ರಿಪೇರಿಯಾದ ಗ್ರಾಹಕ ಇನ್ನೊಬ್ಬನಿರಲಾರ.

ಸರ್ಕಾರಿ ಅರ್ಜಿಯಾಗಿದ್ದರೆ ಸಕಾಲ ಕಾಯ್ದೆಯಡಿ ತಡಕ್ಕೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಕೇಳಬಹುದಿತ್ತು. ತಾಲ್ಲೂಕು ಕಚೇರಿಯೇ ಮೇಲು ಅನ್ನಿಸುವ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಉಳಿದದ್ದು ಗ್ರಾಹಕ ಆಯೋಗ. ಫೋನಿನ ತಕರಾರು ಅಲ್ಲಿಗೆ ತರಬೇಡಿ, 1885ರ ಟೆಲಿಗ್ರಾಫ್ ಕಾಯ್ದೆಯಂತೆ ಪಂಚಾಯ್ತಿ ಮಾಡಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತ್ತು. 2013ರ ಜುಲೈಯಲ್ಲಿ ಟೆಲಿಗ್ರಾಂ ಸೇವೆಯೇ ಸತ್ತಿತು. ಅದರ ಕಾಯ್ದೆ ಮಾತ್ರ ಆಮೇಲೂ ಬಾಗಿಲಲ್ಲಿ ದೊಣ್ಣೆ ಹಿಡಿದು ನಿಂತೇ ಇತ್ತು. 2022ರ ಫೆಬ್ರವರಿಯಲ್ಲಿ ಅದೇ ಕೋರ್ಟು, ಗ್ರಾಹಕರು ಆಯೋಗಕ್ಕೂ ಹೋಗಬಹುದು ಎಂದಿತು. ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಆದರೆ ಹಾಳಾದ ಮೂರು ದಿನಕ್ಕೆ ಪರಿಹಾರ ಕೇಳಲು ಮೈಸೂರಿಗೆ ಎಷ್ಟು ಸಿ.ಎಲ್. ಹಾಕಬೇಕು? ಇರುವುದೇ ಬೆರಳೆಣಿಕೆ, ಅದರಲ್ಲಿ ಮೂರನ್ನು ಜಗಲಿ ತಿಂದಿದೆ.

ಪಕ್ಕದ ಹೊಗೆಸೊಪ್ಪಿನ ಬೆಳೆಗಾರ ಇದನ್ನೆಲ್ಲ ಕೇಳಿ ನಕ್ಕ. "ಮೇಷ್ಟ್ರೇ, ಬ್ಯಾರನ್ ಮುಂದೆ ರಾತ್ರಿಯೆಲ್ಲ ಸೌದೆ ಹಾಕ್ಕಂಡು ಕಾಯೋನಿಗೆ ನಾನು ಕೂಲಿ ಕೊಡ್ತೀನಿ. ನೀವು ಪುಕ್ಕಟೆ ಕಾಯ್ತೀರಲ್ಲ!" ಆಮೇಲೆ ನಮ್ಮ ಬಾಗಿಲ ಕಡೆ ಬೆರಳು ತೋರಿಸಿದ. ದೆವ್ವದ ಸುದ್ದಿ ಹಬ್ಬಿದ್ದ ಕಾಲದಲ್ಲಿ ಅವ್ವ ಬರೆದಿದ್ದ "ನಾಳೆ ಬಾ" ಇನ್ನೂ ಮಾಸಲಾಗಿ ಉಳಿದಿತ್ತು. "ಪಾಪ, ಆ ಹೈದ ಓದ್ಕಂಡು ವಾಪಸ್ ಹೋಗವ್ನೆ."

ಆ ಹೈದನ ಮೇಲೆ ನನಗೆ ಸಿಟ್ಟಿಲ್ಲ. ಗುತ್ತಿಗೆಯವನು, ಪೆಟ್ರೋಲೂ ಅವನದೇ ಅಂತೆ. ಸಿಹಿ ಕಂಠದವರು ಒಂದೇ ಹೊತ್ತಿಗೆ ಅವನನ್ನು ನನ್ನ ಮನೆಗೂ ಎಚ್.ಡಿ. ಕೋಟೆಗೂ ಕಳಿಸುತ್ತಾರೆ.

ಒದ್ದೆ ಬಟ್ಟೆಯಲ್ಲಿ ಬಾಗಿಲು ಉಜ್ಜುತ್ತಿದ್ದಾಗ ಮೆಸೇಜು ಬಂತು: "ನಮ್ಮ ಎಂಜಿನಿಯರ್ ಭೇಟಿಗೆ ನೀವು ಎಷ್ಟು ಅಂಕ ಕೊಡುತ್ತೀರಿ?" ಮೇಷ್ಟ್ರಿಗೇ ಅಂಕ ಕೇಳಿದ್ದಾರೆ, ಬಿಡಬಾರದೆಂದು ಕನ್ನಡಕ ಹಾಕಿಕೊಂಡೆ. ಒಂದರಿಂದ ಹತ್ತರವರೆಗೆ ಇತ್ತು. ಸೊನ್ನೆ ಇರಲಿಲ್ಲ.