ಕೆರೆ ನೋಡಲು ಬಂದ ಭಾವ

ಕಾರ್ಕಳದ ಭಾವ ಡೊಂಬಿವಲಿಯ ನಮ್ಮ ಮನೆಗೆ ಬಂದ ದಿನವೇ ಚಹಾದ ಲೋಟ ಕೆಳಗಿಟ್ಟು, "ಠಾಣೆಯಲ್ಲಿ ಕೆರೆಗಳು ಉಂಟಂತಲ್ಲ, ಒಮ್ಮೆ ತೋರಿಸಿ" ಎಂದರು. ಆನೆಕೆರೆಯ ಊರಿನವರು, ರಾಮಸಮುದ್ರದಲ್ಲಿ ಈಜು ಕಲಿತವರು, ಕೊಂಕಣ ರೈಲಿನಲ್ಲಿ ಒಂದು ರಾತ್ರಿ ಕೂತು ಬಂದು ಕೆರೆ ಕೇಳುತ್ತಿದ್ದಾರೆ. ಠಾಣೆಗೆ 'ಕೆರೆಗಳ ನಗರ' ಎಂಬ ಬಿರುದಿದೆ. ಬಿರುದಿಗೆ ಅಷ್ಟು ದೂರದವರನ್ನೂ ಎಳೆದು ತರುವ ಶಕ್ತಿಯಿದೆ.

ಶನಿವಾರ ಕಲ್ಯಾಣ ಮುಗಿಸಿದೆವು. ಸ್ಟೇಷನ್ನಿನಿಂದ ಹೊರಬೀಳುತ್ತಲೇ ಭಾವ, "ಅನುಭವ ಮಂಟಪ ಯಾವ ಕಡೆ?" ಎಂದರು. ಬಸವಣ್ಣನವರ ಕಲ್ಯಾಣ ಬೀದರ್ ಜಿಲ್ಲೆಯಲ್ಲಿದೆ, ಇದು ಲೋಕಲ್ ರೈಲಿನ ಕಲ್ಯಾಣ ಎಂದು ತಿಳಿಸಿ ಕಾಳಾ ತಲಾವ್‌ಗೆ ಕರೆದೊಯ್ದೆ. ಕಾಳಾ ಎಂದರೆ ಕಪ್ಪು. ಅದಕ್ಕೀಗ ಭಗವಾ ತಲಾವ್, ಅಂದರೆ ಕೇಸರಿ ಕೆರೆ ಎಂಬ ಹೆಸರೂ ಇದೆ. ನೀರು ಯಾವ ಪಕ್ಷಕ್ಕೂ ಸೇರದೆ ಹಸಿರಾಗಿಯೇ ಇತ್ತು.

ಭಾನುವಾರ ಠಾಣೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರ್ ಓಡಿ ಬಂದು ನಿಂತದ್ದು ಇಲ್ಲಿಯೇ. 14 ಬೋಗಿ, 400 ಮಂದಿ ಆಹ್ವಾನಿತರು, ಎಳೆಯಲು ಮೂರು ಎಂಜಿನ್. ಈಗ ಆ 400 ಮಂದಿ ಒಂದೇ ಬೋಗಿಯಲ್ಲಿರುತ್ತಾರೆ, ಯಾರೂ ಆಹ್ವಾನಿಸದೆ. ನಾನು ಇತಿಹಾಸ ಹೇಳುತ್ತಿದ್ದಾಗ ಭಾವನ ಎಡಗಾಲಿನ ಚಪ್ಪಲಿ ಬೋಗಿಯೊಳಗೇ ಉಳಿಯಿತು.

ಹೊಸ ಚಪ್ಪಲಿ ಕೊಂಡು ತಲಾವ್ ಪಾಳಿಗೆ ನಡೆದೆವು. ಮಾಸುಂದಾ ಕೆರೆಯ ಸುತ್ತ ಕಟಕಟೆ, ಕಟಕಟೆಯ ಸುತ್ತ ಭೇಲ್‌ಪುರಿ, ಭೇಲ್‌ಪುರಿಯ ಸುತ್ತ ಠಾಣೆ. ನೀರಿನ ಮೇಲೆ ಕಾಲಲ್ಲಿ ತುಳಿಯುವ ದೋಣಿಗಳು. ಕೋಪಿನೇಶ್ವರನ ದೇವಸ್ಥಾನವನ್ನೂ ನೋಡಿದ್ದಾಯಿತು. ಭಾವ ಹೊರಬಂದು, "ಕೈಕಾಲು ತೊಳೆಯುವುದು ಎಲ್ಲಿ?" ಎಂದು ಕೇಳಿದರು.

"ಇದು ಸೆಲ್ಫಿ ತೆಗೆಯುವ ನೀರು ಭಾವ. ತೊಳೆಯುವ ನೀರು ಬಾಟ್ಲಿಯಲ್ಲಿ ಸಿಗ್ತದೆ, ಇಪ್ಪತ್ತು ರೂಪಾಯಿ."

ಅವರ ಮುಖ ಬಾಡಿದ್ದನ್ನು ಕಂಡು, ಕನ್ನಡ ಸಂಘದ ವೇದಿಕೆಯಲ್ಲಿ ಪ್ರತಿ ನವೆಂಬರಿನಲ್ಲೂ ಹೊರತೆಗೆಯುವ ಭಾಷಣವನ್ನು ತೆಗೆದೆ. ಈ ಠಾಣೆಯೇ ಶಿಲಾಹಾರರ ಸ್ಥಾನಕ. ಆ ಶಿಲಾಹಾರರು ನಮ್ಮ ರಾಷ್ಟ್ರಕೂಟರ ಸಾಮಂತರು. ಅಂಬರನಾಥದ ಶಿವಾಲಯದಲ್ಲಿ ಅವರ ಕಾಲದ, 1060ರ ಶಾಸನವಿದೆ. ಕವಿರಾಜಮಾರ್ಗ ಕನ್ನಡನಾಡಿಗೆ ಗೋದಾವರಿಯನ್ನು ಗಡಿ ಮಾಡಿದೆ, ಠಾಣೆ ಗೋದಾವರಿಯ ಈಚೆಗೇ ಇದೆ. ಭಾವ ಗಂಭೀರವಾಗಿ ಕೇಳಿಸಿಕೊಂಡು, "ಹಾಗಾದ್ರೆ ಈ ರಿಕ್ಷಾದವನ ಹತ್ರ ಕನ್ನಡದಲ್ಲಿ ಚರ್ಚೆ ಮಾಡ್ಬಹುದಲ್ಲ?" ಎಂದರು. ನಾನು ಹಿಂದಿಯಲ್ಲಿ ಚರ್ಚೆ ಮಾಡಿದೆ. ಸೋತೆ.

ಕೆರೆಗಳು ಒಂದು ಕಾಲಕ್ಕೆ ಅರವತ್ತರ ಮೇಲಿದ್ದವು ಎಂದು ಊರಿನ ಹಳಬರು ಹೇಳುತ್ತಾರೆ, ಈಗ ಅದರ ಅರ್ಧ. ಉಳಿದ ಅರ್ಧ ಎಲ್ಲಿಗೂ ಹೋಗಿಲ್ಲ, ಹೆಸರುಗಳಲ್ಲಿ ಕ್ಷೇಮವಾಗಿದೆ. ಕಪೂರ್‌ಬಾವಡಿಯಲ್ಲಿ ಬಾವಿ ಹುಡುಕಿದರೆ ಸಿಗುವುದು ಫ್ಲೈಓವರ್. ಇರುವ ಕೆರೆಗಳನ್ನು ಉಳಿಸಲು ಪಾಲಿಕೆ ಗಣೇಶ ಚತುರ್ಥಿಗೆ ಕೃತಕ ಕೆರೆಗಳನ್ನು ಮಾಡಿ ಅವುಗಳಲ್ಲಿ ಮೂರ್ತಿ ಬಿಡಿಸುತ್ತದೆ. ಒಳ್ಳೆಯ ಕೆಲಸ, ಅದರಲ್ಲಿ ಕೊಂಕಿಲ್ಲ. ಆದರೂ ಕೆರೆಗಳ ನಗರದಲ್ಲಿ ಕೆರೆಯ ಪಕ್ಕದಲ್ಲೇ ಕೆರೆ ತೋಡುವ ಸಂಗತಿಯನ್ನು ಭಾವನಿಗೆ ವಿವರಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು.

ಉಪವನ ಕೆರೆ ಚೆಂದ, ಹಿಂದೆ ಯೇವೂರಿನ ಗುಡ್ಡ. ಅದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚು. ಚಿರತೆ ನೋಡುತ್ತೇವೆಂದು ಹತ್ತಿದವರು ತಂದೂರಿ ಚಿಕನ್ ತಿಂದು ಇಳಿಯುತ್ತಾರೆ. ಅಲ್ಲೊಬ್ಬ ಏಜೆಂಟ್, ಭಾವನ ಬಿಳಿ ಪಂಚೆ ನೋಡಿ ಹೋಟೆಲ್ ಮಾಲೀಕರೇ ಇರಬೇಕೆಂದು ಭಾವಿಸಿ, 'ಲೇಕ್ ವ್ಯೂ' ಫ್ಲ್ಯಾಟಿನ ಚಿತ್ರ ತೋರಿಸಿದ. ಚಿತ್ರದಲ್ಲಿ ಕೆರೆ ಸಮುದ್ರದಷ್ಟಿತ್ತು. ಎಲ್ಲಿ ಎಂದರೆ ಘೋಡ್‌ಬಂದರ್ ರಸ್ತೆಯ ಕಡೆ. ಬೇಸಿಗೆ ಬಂತೆಂದರೆ ಆ ರಸ್ತೆಯಲ್ಲಿ ನೀರಿನ ಟ್ಯಾಂಕರ್‌ಗಳ ಮೆರವಣಿಗೆ. ಕಿಟಕಿಯಲ್ಲಿ ನೀರು ಕಂಡರೆ ದರ ಏರುತ್ತದೆ, ನಲ್ಲಿಯಲ್ಲಿ ಕಾಣದಿದ್ದರೆ ದರ ಇಳಿಯುವುದಿಲ್ಲ. ನಮ್ಮ ಕಡೆಯ ವ್ಯಾಪಾರಸ್ಥರಿಗೆ ಇಷ್ಟು ಬುದ್ಧಿ ಬಂದಿರಲಿಲ್ಲ ಎಂದು ಭಾವ ಮೆಚ್ಚಿಕೊಂಡರು.

ಅಲ್ಲಿಂದ ಟ್ರಾನ್ಸ್ ಹಾರ್ಬರ್ ಲೈನಿನಲ್ಲಿ ನೆರೂಲ್. "ಅಲ್ಲಿ ಸಾವಿರಾರು ರಾಜಹಂಸಗಳು ಬರ್ತವೆ" ಎಂದಿದ್ದೆ. "ಮಂಗಳೂರಿನಿಂದ್ಲಾ?" ಎಂದರು. ಅವರಿಗೆ ರಾಜಹಂಸ ಎಂದರೆ ಕೆಎಸ್‌ಆರ್‌ಟಿಸಿ ಬಸ್ಸು, ನಾನು ಹೇಳಿದ್ದು ಫ್ಲೆಮಿಂಗೋ ಹಕ್ಕಿ.

ಠಾಣೆ ಖಾಡಿ, ಅಂದರೆ ಒಳನುಗ್ಗಿದ ಕಡಲ ಹಿನ್ನೀರು, 2015ರಿಂದ ಫ್ಲೆಮಿಂಗೋ ಅಭಯಾರಣ್ಯ, 2022ರಿಂದ ರಾಮ್ಸಾರ್ ಜೌಗುತಾಣ. ಇಳಿತದ ಹೊತ್ತು ಹಕ್ಕಿಗಳು ಖಾಡಿಯ ಕೆಸರಿನಲ್ಲಿ ಮೇಯುತ್ತವೆ, ಉಬ್ಬರ ಬಂದು ಕೆಸರು ಮುಳುಗಿದಾಗ ನೆರೂಲಿನ ಕೆರೆಗಳಿಗೆ ಬಂದು ನಿಲ್ಲುತ್ತವೆ. ಖಾಡಿಗೆ ಸೇರುವ ಕೊಳಚೆಯಿಂದ ಕೊಬ್ಬಿದ ಪಾಚಿಯೇ ಇವುಗಳನ್ನು ಇಷ್ಟು ಸಂಖ್ಯೆಯಲ್ಲಿ ಕರೆಸಿದೆ ಎಂದು ತಿಳಿದವರ ಊಹೆ. ಹಾಗಿದ್ದರೆ ಪ್ರವಾಸೋದ್ಯಮಕ್ಕೆ ನಾವೆಲ್ಲ ಪ್ರತಿದಿನ ಬೆಳಿಗ್ಗೆ ತಪ್ಪದೆ ಕಾಣಿಕೆ ಸಲ್ಲಿಸುತ್ತಿದ್ದೇವೆ. ಅಲ್ಲಿನ ಒಂದು ಕೆರೆಗೆ ಪಕ್ಕದ ಶಾಲೆಯ ಹೆಸರೇ ಅಂಟಿ ಡಿಪಿಎಸ್ ಕೆರೆಯಾಗಿದೆ. 2024ರಲ್ಲಿ ಉಬ್ಬರದ ನೀರು ಒಳಬರುವ ದಾರಿ ಮುಚ್ಚಿ ಆ ಕೆರೆ ಒಣಗಿತ್ತು. ಊರಿಗೆ ಫ್ಲೆಮಿಂಗೋ ಸಿಟಿ ಎಂಬ ಹೆಸರು ಮಾತ್ರ ಒಣಗಲಿಲ್ಲ.

ನಾವು ಹೋದದ್ದು ಇಳಿತದ ಹೊತ್ತಿಗೆ. ಹಕ್ಕಿಗಳು ಕೆಲಸಕ್ಕೆ ಹೋಗಿದ್ದವು. ರಸ್ತೆ ಬದಿಯ ಪ್ರತಿಮೆ ಫ್ಲೆಮಿಂಗೋಗಳು ಮಾತ್ರ ಒಂಟಿಕಾಲಲ್ಲಿ ಡ್ಯೂಟಿಯಲ್ಲಿದ್ದವು. ಭಾವ ಅವುಗಳ ಜೊತೆ ಫೋಟೋ ತೆಗೆಸಿಕೊಂಡರು. ಕುಟುಂಬದ ಗ್ರೂಪಿನಲ್ಲಿ ಕೂಡಲೇ ಹದಿನೇಳು ಹೆಬ್ಬೆರಳು.

ಸಂಜೆ ಠಾಣೆಗೆ ಮರಳಿ, ಅಲ್ಲಿಂದ ಮನೆಗೆ ಸ್ಲೋ ಲೋಕಲ್ ಹಿಡಿದೆವು. ಕಳವಾ ದಾಟಿ ಮುಂಬ್ರಾ ಬರುವಾಗ ಹಳಿಯ ಪಕ್ಕಕ್ಕೇ ಖಾಡಿ ತೆರೆದುಕೊಂಡಿತು. ಕಟಕಟೆ ಇಲ್ಲ, ಕಾರಂಜಿ ಇಲ್ಲ, ಚದರ ಅಡಿಗೆ ದರವೂ ಇಲ್ಲ. ಅಗಲವಾದ ನೀರು, ಅದರ ಮೇಲೆ ಸಂಜೆ. ಬೋಗಿಯಲ್ಲಿದ್ದ ಒಬ್ಬರೂ ತಲೆ ಎತ್ತಲಿಲ್ಲ. ಹೆಚ್ಚಿನವರ ಕಣ್ಣು ಮೊಬೈಲಿನಲ್ಲಿ, ಉಳಿದವರದು ಮೂವರ ಬೆಂಚಿನ ತುದಿಯ ನಾಲ್ಕನೇ ಸೀಟಿನ ಮೇಲೆ. ಭಾವ ಒಬ್ಬರೇ ಬಾಗಿಲ ಕಂಬ ಹಿಡಿದು, ಇಡೀ ಪ್ರವಾಸದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿ ನಿಂತಿದ್ದರು.

ಹಿಂದಿನಿಂದ ಒಬ್ಬ ಭುಜ ತಟ್ಟಿದ. "ಅಂಕಲ್, ಮುಂಬ್ರಾ ಉತರ್ನಾ ಹೈ ಕ್ಯಾ?"

"ಇಲ್ಲ ಮಾರಾಯ, ನೀರು ನೋಡ್ತಾ ಇದ್ದೇನೆ" ಎಂದರು ಭಾವ, ಅಚ್ಚ ಕನ್ನಡದಲ್ಲಿ.

"ತೋ ಅಂದರ್ ಸರ್ಕೋ ನಾ!"