ಅಭಾವ ಮೀಮಾಂಸೆ: ನಡೆಯದ ಚುನಾವಣೆಗಳ ಕುರಿತು ಒಂದು ಶಾಸ್ತ್ರವಿಚಾರ

ವೈಶೇಷಿಕ ದರ್ಶನದವರು ಜಗತ್ತಿನಲ್ಲಿರುವ ಸಮಸ್ತವನ್ನೂ ಮೊದಲು ಆರು ಪದಾರ್ಥಗಳಲ್ಲಿ ಅಡಗಿಸಿದ್ದರು. ಆಮೇಲಿನವರಿಗೆ ಅದು ಸಾಲದಾಗಿ, ‘ಅಭಾವ’ವನ್ನು ಏಳನೆಯ ಪದಾರ್ಥವೆಂದು ಸೇರಿಸಿದರು. ಇಲ್ಲದಿರುವುದಕ್ಕೂ ಒಂದು ಇರವಿದೆ ಎಂಬ ಈ ಸೂಕ್ಷ್ಮ ವಿಚಾರ ಶತಮಾನಗಳ ಕಾಲ ಪಾಠಶಾಲೆಗಳಲ್ಲೇ ಉಳಿದಿತ್ತು. ಅದನ್ನು ಆಡಳಿತದಲ್ಲಿ ಪ್ರಯೋಗಿಸಿ ತೋರಿಸಿದ ಕೀರ್ತಿ ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಿಗೆ ಸಲ್ಲಬೇಕು. ಹತ್ತು ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, ಇಪ್ಪತ್ತು ಸಾವಿರ ದಾಟಿದರೆ ಪುರಸಭೆ, ಐವತ್ತು ಸಾವಿರ ದಾಟಿದರೆ ನಗರಸಭೆ, ಮೂರು ಲಕ್ಷಕ್ಕೆ ಮಹಾನಗರ ಪಾಲಿಕೆ ಎಂದು ನಮ್ಮಲ್ಲಿ ಮೆಟ್ಟಿಲುಗಳಿವೆ. ಈ ಎಲ್ಲ ಮೆಟ್ಟಿಲುಗಳಿಗೂ ಅನ್ವಯಿಸುವ ಒಂದೇ ಸಿದ್ಧಾಂತವನ್ನು ಇಲ್ಲಿ ಮಂಡಿಸಲಾಗುತ್ತಿದೆ. ಚುನಾಯಿತ ಸದಸ್ಯರು ಇಲ್ಲದಿರುವುದೇ ನಗರಾಡಳಿತದ ಸಹಜ ಸ್ಥಿತಿ. ಚುನಾವಣೆ ಎಂಬುದು ಆ ಸ್ಥಿತಿಗೆ ಆಗಾಗ, ಅದೂ ಬಹುಪಾಲು ನ್ಯಾಯಾಲಯದ ದೆಸೆಯಿಂದ, ಒದಗುವ ಭಂಗ.

ಇದಕ್ಕೆ ಪ್ರಮಾಣವೇನು ಎಂದರೆ, ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪಿದ ಆರನೆಯ ಪ್ರಮಾಣ, ಅನುಪಲಬ್ಧಿ. ಇದ್ದಿದ್ದರೆ ಕಾಣುತ್ತಿತ್ತು, ಕಾಣುತ್ತಿಲ್ಲ, ಆದ್ದರಿಂದ ಇಲ್ಲ. ನೆಲದ ಮೇಲೆ ಗಡಿಗೆ ಇಲ್ಲವೆಂಬುದನ್ನು ಶಾಸ್ತ್ರಕಾರರು ಹೀಗೆ ಸಾಧಿಸುತ್ತಿದ್ದರು. ಹಡ್ಸನ್ ವೃತ್ತದ ಪಾಲಿಕೆ ಸಭಾಂಗಣದಲ್ಲಿ ಕಾರ್ಪೊರೇಟರ್ ಇಲ್ಲವೆಂಬುದನ್ನು ಬೆಂಗಳೂರಿನ ಸಾಮಾನ್ಯ ತೆರಿಗೆದಾರರೂ ಯಾವ ಗುರುವಿನ ನೆರವಿಲ್ಲದೆ ಸಾಧಿಸಬಲ್ಲರು. 2015ರ ಆಗಸ್ಟ್‌ನಲ್ಲಿ ಆರಿಸಿ ಬಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲಿನ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿ ಬಂದರು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಕರಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಲೆಕ್ಕ ಹಾಕಿ ನೋಡಿ: ಈ ಅಭಾವ ಭರ್ತಿ ಐದು ವರ್ಷ ಬಾಳಿದೆ. ಅವಿಶ್ವಾಸ ಗೊತ್ತುವಳಿ ಇಲ್ಲದೆ, ಪಕ್ಷಾಂತರ ಇಲ್ಲದೆ, ರೆಸಾರ್ಟ್ ವಾಸ ಇಲ್ಲದೆ ಸಂವಿಧಾನ ಹೇಳಿದ ಪೂರ್ಣಾವಧಿಯನ್ನು ಪೂರೈಸಿದ ಇಂಥ ಶಿಸ್ತಿನ ಕೌನ್ಸಿಲ್ ಬೇರೆಲ್ಲಿದೆ? ಇದು ಆಕಸ್ಮಿಕ ಎನ್ನುವವರು 2006ನ್ನು ನೆನೆಯಬೇಕು. ಆ ವರ್ಷದ ನವೆಂಬರ್‌ನಲ್ಲಿ ಹಳೆಯ ಮಹಾನಗರ ಪಾಲಿಕೆಯ ಅವಧಿ ಮುಗಿದ ಮೇಲೆ ಮತದಾನ ನಡೆದದ್ದು 2010ರ ಮಾರ್ಚ್‌ನಲ್ಲಿ. ನಡುವೆ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಮಿಕ್ಕಿದ ಹಳ್ಳಿಗಳನ್ನು ಪಾಲಿಕೆ ನುಂಗಿ ಅರಗಿಸಿಕೊಳ್ಳುತ್ತಿತ್ತು.

ಅಭಾವದಲ್ಲಿ ನಾಲ್ಕು ಬಗೆ. ಮೇಲೆ ಹೇಳಿದ್ದು ಪ್ರಧ್ವಂಸಾಭಾವ, ಅಂದರೆ ಇದ್ದದ್ದು ನಾಶವಾದ ಮೇಲಿನ ಇಲ್ಲದಿರುವಿಕೆ. ಪ್ರಾಗಭಾವ ಇನ್ನೂ ನಯವಾದದ್ದು. ಅದು ಹುಟ್ಟುವುದಕ್ಕೆ ಮುಂಚಿನದು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಗೆದ್ದವರಿಗೆ ಪ್ರಮಾಣಪತ್ರ ಸಿಕ್ಕಿತು, ಹಾರ ಬಿತ್ತು, ಪಟಾಕಿ ಸಿಡಿಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಕೋರ್ಟಿನ ಮೆಟ್ಟಿಲೇರಿತು. ಅದು ಇಳಿದು ಬಂದು ಅಧ್ಯಕ್ಷರ ಆಯ್ಕೆ ಆಗುವ ಹೊತ್ತಿಗೆ 2020ರ ಕೊನೆ. ಅಲ್ಲಿಯವರೆಗೆ ಅವರು ಸದಸ್ಯರು ಹೌದು, ಆದರೆ ಕೂರಲು ಸಭೆ ಇಲ್ಲ. ಇದರ ಸೊಗಸು ಇಷ್ಟಕ್ಕೇ ಮುಗಿಯುವುದಿಲ್ಲ. ಸಂವಿಧಾನದ 243ಯು ವಿಧಿಯ ಪ್ರಕಾರ ಐದು ವರ್ಷದ ಎಣಿಕೆ ಶುರುವಾಗುವುದು ಮೊದಲ ಸಭೆಯ ದಿನದಿಂದ. ಹಾಗಾಗಿ 2018ರಲ್ಲಿ ಐದು ವರ್ಷಕ್ಕೆಂದು ಆರಿಸಿದವರು ಬಹಳ ಕಡೆ 2025ರವರೆಗೂ ಮುಂದುವರಿದರು. ಅದರ ನಡುವೆಯೂ, ಅಧ್ಯಕ್ಷರ ಮೊದಲ ಮೂವತ್ತು ತಿಂಗಳು 2023ರಲ್ಲಿ ಮುಗಿದ ಮೇಲೆ ಎರಡನೆಯ ಅವಧಿಯ ಮೀಸಲಾತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ಹುಟ್ಟುವ ಮುನ್ನ ಎರಡು ವರ್ಷ, ನಡುವಯಸ್ಸಿನಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ನಿದ್ದೆ; ಕುಂಭಕರ್ಣನಾದರೂ ಮೈಮುರಿದು ಎದ್ದು ಊಟ ಕೇಳುತ್ತಿದ್ದ.

ಅನ್ಯೋನ್ಯಾಭಾವ ಎಂದರೆ ಇದು ಅದಲ್ಲ ಎಂಬ ಜ್ಞಾನ. ಬಹುಮತ ಬೇರೆ, ಮೇಯರ್ ಬೇರೆ. 2015ರಲ್ಲಿ ಬೆಂಗಳೂರಿನ 198 ವಾರ್ಡ್‌ಗಳಲ್ಲಿ ಬಿಜೆಪಿ 100 ಗೆದ್ದಿತು, ಕಾಂಗ್ರೆಸ್ 76, ಜೆಡಿಎಸ್ 14. ಮೇಯರ್ ಆದವರು ಕಾಂಗ್ರೆಸ್ಸಿನವರು. ಶಾಸಕರು, ಸಂಸದರು, ವಿಧಾನ ಪರಿಷತ್ತಿನವರಿಗೂ ಮೇಯರ್ ಚುನಾವಣೆಯಲ್ಲಿ ಮತವಿರುವುದರಿಂದ ಇದರಲ್ಲಿ ಅಕ್ರಮವೇನೂ ಇಲ್ಲ, ತತ್ವ ಮಾತ್ರ ಇದೆ. ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ಎಷ್ಟೋ ಕಡೆ ಸಹಿ ಸದಸ್ಯೆಯದು, ಫೋನು ಎತ್ತುವ ದನಿ ಪತಿರಾಯರದು. ಉಳಿದದ್ದು ಅತ್ಯಂತಾಭಾವ, ಯಾವ ಕಾಲದಲ್ಲೂ ಇಲ್ಲದ್ದು. ಬೆಂಗಳೂರಿನ ವಾರ್ಡ್‌ಗಳನ್ನು 2022ರಲ್ಲಿ 243 ಮಾಡಲಾಯಿತು, 2023ರಲ್ಲಿ 225ಕ್ಕೆ ಇಳಿಸಲಾಯಿತು, ಐದು ಪಾಲಿಕೆಗಳಾದ ಮೇಲೆ ಒಟ್ಟು 369 ಎಂದು ಗೊತ್ತುಮಾಡಲಾಯಿತು. ಗಡಿ ಎಳೆದು, ಹೆಸರಿಟ್ಟು, ಆಕ್ಷೇಪಣೆ ಆಲಿಸಿ, ರಾಜ್ಯಪತ್ರದಲ್ಲಿ ಅಚ್ಚು ಹಾಕಿಸಿದ ಆ 243ರಲ್ಲಾಗಲಿ 225ರಲ್ಲಾಗಲಿ ಒಬ್ಬ ಸದಸ್ಯನೂ ಹುಟ್ಟಲಿಲ್ಲ. ತ್ರಿಕಾಲದಲ್ಲೂ ಸದಸ್ಯನಿಲ್ಲದ ವಾರ್ಡ್ ಯಾವುದೆಂದು ನ್ಯಾಯಶಾಸ್ತ್ರದ ವಿದ್ಯಾರ್ಥಿ ಕೇಳಿದರೆ, ಮೊಲದ ಕೊಂಬಿನ ಹಳೆಯ ಉದಾಹರಣೆ ಇನ್ನು ಬೇಕಿಲ್ಲ.

ಈಗ ಪೂರ್ವಪಕ್ಷ. ಮೊದಲ ಆಕ್ಷೇಪ ಶಬ್ದಪ್ರಮಾಣದ್ದು. 1993ರ ಜೂನ್ 1ರಿಂದ ಜಾರಿಯಲ್ಲಿರುವ ಎಪ್ಪತ್ನಾಲ್ಕನೆಯ ತಿದ್ದುಪಡಿ, ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಅದನ್ನೇ ಒತ್ತಿ ಹೇಳಿತು. ವಾರ್ಡ್ ವಿಂಗಡಣೆಯ ನೆಪ ಒಡ್ಡಿ ಚುನಾವಣೆ ಮುಂದೂಡಬಾರದೆಂದು 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲೂ ಹೇಳಿತು. ಇಷ್ಟು ಸ್ಪಷ್ಟವಾಗಿರುವಾಗ ಅಭಾವಕ್ಕೆ ಎಡೆಯೆಲ್ಲಿ ಎಂದು ಪೂರ್ವಪಕ್ಷಿ ಕೇಳುತ್ತಾನೆ. ಪಾಪ, ಅವನು ವಿಧಿಯನ್ನು ಓದಿದ್ದಾನೆ, ಕಡತವನ್ನು ಓದಿಲ್ಲ. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಾರ್ಡುಗಳನ್ನು ವಿಂಗಡಿಸಿ, ಯಾವುದು ಯಾರಿಗೆ ಮೀಸಲು ಎಂದು ಪಟ್ಟಿ ಕೊಡುವುದು ಸರ್ಕಾರ. ಎಲೆ ಹಾಕಿ ಪಂಕ್ತಿ ಕೂರಿಸುವ ಅಧಿಕಾರ ಆಯೋಗದ್ದು. ಅನ್ನದ ತಪ್ಪಲೆ ಸರ್ಕಾರದ ಅಡುಗೆಮನೆಯಲ್ಲಿ. ಪಟ್ಟಿ ಬಂದರೆ ಅದರ ಮೇಲೆ ಆಕ್ಷೇಪಣೆ, ಆಕ್ಷೇಪಣೆಯ ಮೇಲೆ ರಿಟ್, ರಿಟ್‌ನ ಮೇಲೆ ಮೇಲ್ಮನವಿ. ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿಅಂಶ ಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ರಾಜ್ಯದಲ್ಲಿ ಅದಕ್ಕಾಗಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ರಚನೆಯಾದದ್ದು 2022ರಲ್ಲಿ. ನಡುವಿನ ಹನ್ನೆರಡು ವರ್ಷವನ್ನು ವಿಳಂಬ ಎನ್ನುವುದು ಅವಸರದವರ ಮಾತು. ಇಷ್ಟಕ್ಕೂ, ಐದು ವರ್ಷಕ್ಕಿಂತ ಹೆಚ್ಚು ಇರಬಾರದೆಂದು ಸಂವಿಧಾನ ಕಟ್ಟುಪಾಡು ವಿಧಿಸಿರುವುದು ಕೌನ್ಸಿಲ್ಲಿಗೆ. ಕೌನ್ಸಿಲ್ಲಿನ ಅಭಾವಕ್ಕೆ ಅಂಥ ವಯೋಮಿತಿ ಹಾಕಿಲ್ಲ.

ಎರಡನೆಯ ಆಕ್ಷೇಪ ಕೇರಳದಿಂದ ಬರುತ್ತದೆ, ಬಹಳ ಆಕ್ಷೇಪಗಳು ಅಲ್ಲಿಂದಲೇ ಬರುವಂತೆ. 1995ರಿಂದ 2025ರವರೆಗೆ ಐದೈದು ವರ್ಷಕ್ಕೊಮ್ಮೆ ಅಲ್ಲಿ ಗ್ರಾಮ ಪಂಚಾಯಿತಿಯಿಂದ ಮಹಾನಗರದವರೆಗೆ ಸ್ಥಳೀಯ ಚುನಾವಣೆ ನಡೆಯುತ್ತ ಬಂದಿದೆ. ಕಾರಣ ಹುಡುಕಿದರೆ ತಿಳಿಯುತ್ತದೆ: ಅಲ್ಲಿನ ವಾರ್ಡ್ ವಿಂಗಡಣಾ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರು. ತಪ್ಪಲೆಯನ್ನು ಬಡಿಸುವವರ ಕೈಗೇ ಕೊಟ್ಟುಬಿಟ್ಟಿದ್ದಾರೆ. ಹಾಗಾದಮೇಲೆ ಊಟ ತಡವಾಗಲು ಯಾವ ದಾರಿ ಉಳಿಯಿತು? ಇಂಥ ಕಲ್ಪನಾದಾರಿದ್ರ್ಯವನ್ನು ನಾವು ಅನುಸರಿಸಬೇಕಿಲ್ಲ. ಉತ್ತರಕ್ಕೆ ತಿರುಗಿದರೆ ಸಮಾನಧರ್ಮಿಗಳಿದ್ದಾರೆ. 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಮುಂಬೈ ಪಾಲಿಕೆ ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ ತಪಸ್ಸು ಮಾಡಿ, 2026ರ ಜನವರಿಯಲ್ಲಿ ಚಿತ್ತಚಾಂಚಲ್ಯಕ್ಕೆ ಒಳಗಾಯಿತು.

ಮೂರನೆಯದು ಲೌಕಿಕರ ಗೊಣಗಾಟ. ಸದಸ್ಯರಿಲ್ಲದಿದ್ದರೆ ರಸ್ತೆ ಗುಂಡಿ, ಕಸ, ಒಳಚರಂಡಿಯ ಗತಿಯೇನು? ಇದಕ್ಕೆ ಅನ್ವಯ-ವ್ಯತಿರೇಕ ಸಾಕು. ಕೌನ್ಸಿಲ್ ಇದ್ದಾಗ ಗುಂಡಿ ಇತ್ತು; ಕೌನ್ಸಿಲ್ ಇಲ್ಲದಾಗಲೂ ಇದೆ. ಆದ್ದರಿಂದ ಗುಂಡಿಗೂ ಕೌನ್ಸಿಲ್ಲಿಗೂ ಕಾರ್ಯಕಾರಣ ಸಂಬಂಧವಿಲ್ಲ. ಸಂಬಂಧವಿರುವುದು ಬೇರೊಂದಕ್ಕೆ. ಸಣ್ಣ ಊರಿನಲ್ಲಿ ವಾರ್ಡಿನ ಸದಸ್ಯರೆಂದರೆ ಮನೆ ಗೊತ್ತಿರುವ ಮನುಷ್ಯ. ನಲ್ಲಿಯಲ್ಲಿ ನೀರು ಬಾರದ ಬೆಳಿಗ್ಗೆ ಆರಕ್ಕೇ ಹೆಂಗಸರು ಕೊಡ ಹಿಡಿದು ಅವರ ಜಗಲಿಯ ಮುಂದೆ ನಿಲ್ಲಬಹುದು, ಬೀದಿದೀಪ ಕೆಟ್ಟರೆ ಅವರು ಹಲ್ಲುಜ್ಜುವಾಗಲೇ ಕೂಗಬಹುದು. ಈ ಹಿಂಸೆಯನ್ನು ಆಡಳಿತಾಧಿಕಾರಿಗೆ ಕೊಡಲಾಗದು, ಸಾಹೇಬರು ಮೀಟಿಂಗ್‌ನಲ್ಲಿರುತ್ತಾರೆ. ಬೆಂಗಳೂರಿನಲ್ಲಿ 2010ರಲ್ಲೂ 2015ರಲ್ಲೂ ಅರ್ಧಕ್ಕಿಂತ ಕಡಿಮೆ ಜನ ಮತ ಹಾಕಿದರು. 2018ರಲ್ಲಿ ಪಟ್ಟಣಗಳಲ್ಲಿ ಹಾಕಿದವರು ಸುಮಾರು ಮೂರರಲ್ಲಿ ಎರಡು ಪಾಲು. ಜಗಲಿಯ ಮೋಹ ಪಟ್ಟಣಗಳಲ್ಲಿ ಇನ್ನೂ ಬಿಟ್ಟಿಲ್ಲವೆಂದೇ ಇದರರ್ಥ. ಗ್ರಾಮ ಪಂಚಾಯಿತಿಯನ್ನು ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೆ ಏರಿಸಿದಾಗ ಈ ಮೋಹಕ್ಕೆ ಮದ್ದು ತಾನಾಗಿ ದೊರೆಯುತ್ತದೆ: ಹಳೆಯ ಸದಸ್ಯರು ಹೋಗುತ್ತಾರೆ, ಹೊಸಬರು ಬರುವುದು ಗಡಿ, ವಾರ್ಡು, ಮೀಸಲಾತಿ ಮುಗಿದ ಮೇಲೆ. ಅಷ್ಟರಲ್ಲಿ ಹಳ್ಳಿಯ ಉದ್ಯೋಗ ಖಾತರಿ ತಪ್ಪಿ ಪಟ್ಟಣದ ಕಂದಾಯ ಬಂದಿರುತ್ತದೆ. ಗಮನಿಸಬೇಕು, ಕಂದಾಯಕ್ಕೆ ನಾಲ್ಕರಲ್ಲಿ ಯಾವ ಅಭಾವವೂ ಅನ್ವಯಿಸುವುದಿಲ್ಲ.

ಗುದ್ದಲಿ ಪೂಜೆಯ ದೃಷ್ಟಿಯಿಂದಲೂ ಅಭಾವ ಹಿತ. ಕಾರ್ಪೊರೇಟರ್ ಇದ್ದರೆ ಗುದ್ದಲಿಗೆ ಎರಡು ಜೊತೆ ಕೈ, ಫ್ಲೆಕ್ಸ್‌ನಲ್ಲಿ ಮುಖಗಳ ನೂಕುನುಗ್ಗಲು, ಮುಂದಿನ ಸಲ ಟಿಕೆಟ್ ಕೇಳುವ ಒಬ್ಬ ಹೊಸ ಹುರಿಯಾಳು. ಇಲ್ಲದಿದ್ದರೆ ಶಾಸಕರೊಬ್ಬರೇ. ಈ ಕಾರಣವನ್ನು ಯಾವ ಪ್ರಮಾಣಪತ್ರದಲ್ಲೂ ಯಾರೂ ಕೋರ್ಟಿಗೆ ಬರೆದುಕೊಟ್ಟಿಲ್ಲವಾದ್ದರಿಂದ ಇದನ್ನು ಬರಿಯ ಅನುಮಾನಪ್ರಮಾಣ ಎಂದೇ ಎಣಿಸಬೇಕು. ಆದರೆ ಬಿಜೆಪಿ, ಕಾಂಗ್ರೆಸ್, ಜೆಡಿಎಸ್ ಮೂರೂ ಅಧಿಕಾರದಲ್ಲಿದ್ದಾಗ ಈ ಅಭಾವಗಳನ್ನು ಸಮಾನ ಶ್ರದ್ಧೆಯಿಂದ ಪಾಲಿಸಿವೆ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೂ ಅದೇ ಶ್ರದ್ಧೆ ವಿಸ್ತರಿಸಿತು. ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದವರು ಇಲ್ಲಿ ಬಂದಿರುವಾಗ ಹೇತು ಬಲವಾಗಿಯೇ ಇರಬೇಕು.

ಕೊನೆಯದಾಗಿ ಒಬ್ಬ ಕಿಡಿಗೇಡಿ ಪೂರ್ವಪಕ್ಷಿ ಇದ್ದಾನೆ. ಅಭಾವ ಊರಿಗೆ ಇಷ್ಟು ಹಿತವಾದರೆ ವಿಧಾನಸಭೆಗೂ ಅದನ್ನೇ ಅನ್ವಯಿಸಬಾರದೇಕೆ ಎಂಬುದು ಅವನ ಪ್ರಶ್ನೆ. 2008, 2013, 2018, 2023, ನಾಲ್ಕು ಸಲವೂ ಮೇ ತಿಂಗಳಿಗೆ ಸರಿಯಾಗಿ ಮತಯಂತ್ರ ಹೊರಬಂತಲ್ಲ, ಆಗ ಗಡಿ, ಮೀಸಲಾತಿ, ಆಕ್ಷೇಪಣೆ ಯಾವುವೂ ಅಡ್ಡ ಬರಲಿಲ್ಲವೇಕೆ ಎನ್ನುತ್ತಾನೆ. ಲಕ್ಷಣವನ್ನು ಅದಕ್ಕೆ ಸಲ್ಲದ ವಸ್ತುವಿಗೂ ಹಬ್ಬಿಸುವುದಕ್ಕೆ ಶಾಸ್ತ್ರದಲ್ಲಿ ಅತಿವ್ಯಾಪ್ತಿ ದೋಷವೆಂದು ಹೆಸರು. ಆ ದೋಷವಿರುವ ಪ್ರಶ್ನೆಗೆ ಉತ್ತರಿಸುವ ಹೊಣೆ ಸಿದ್ಧಾಂತಿಯದಲ್ಲ. ಪೂರ್ವಪಕ್ಷಿಗೆ ಸಮಾಧಾನವಾಗದಿದ್ದರೆ, ಲಿಖಿತ ಮನವಿಯೊಂದಿಗೆ ತನ್ನ ವಾರ್ಡಿನ ಸದಸ್ಯರನ್ನು ಕಾಣತಕ್ಕದ್ದು.